ಪಾದ್ರಿಯ ಪಾಪಗಳು, ನಮ್ಮಪ್ಪನ ಪೆನ್ಸಿಲ್ಲು

ಮುನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಲ್ಲಿ ಬಾಳಿ ಸತ್ತ ಪಾದ್ರಿಯೊಬ್ಬನ ಆತ್ಮಕಥೆ ಕುಷ್ಟಗಿಯ ನಮ್ಮ ಮನೆಯಲ್ಲಿತ್ತು ಅಂದರೆ ಯಾರೂ ನಂಬುವುದಿಲ್ಲ. ನನ್ನ ಸಹೋದ್ಯೋಗಿಗಳಂತೂ ನಂಬಲೇ ಇಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಇಂಗ್ಲಿಷ್ ಬರುತ್ತದೆಂದೇ ಅವರು ನಂಬಿರಲಿಲ್ಲ, ಇನ್ನು ಪುಸ್ತಕದ ಮಾತೆಲ್ಲಿ!

ಅದನ್ನು ಮನೆಗೆ ತಂದವನು ನಮ್ಮಪ್ಪ. ಯಲಬುರ್ಗಾದ ಸರಕಾರಿ ಶಾಲೆಯಲ್ಲಿ ಜವಾನನಾಗಿದ್ದ. ಹಳೆಯ ಕಪಾಟು ಖಾಲಿ ಮಾಡಿಸುವಾಗ ಹೆಡ್‌ಮಾಸ್ತರರು, “ಇಲಿ ಕಡಿದಾವು, ನೀರೊಲಿಗೆ ಹಾಕು” ಅಂದಿದ್ದರಂತೆ. ಅಪ್ಪ ಉಳಿದವನ್ನೆಲ್ಲ ಒಲೆಗೆ ಹಾಕಿ, ತೊಗಲಿನ ರಟ್ಟಿನ ಇದೊಂದನ್ನು ಅಂಗಿಯೊಳಗೆ ತುರುಕಿಕೊಂಡು ಬಂದ. ಮೆಟ್ರಿಕ್‌ನಲ್ಲಿ ಎರಡು ಸಲ ಅವನನ್ನು ಕೆಡವಿದ್ದು ಇಂಗ್ಲಿಷೇ. ಅದರ ಸೇಡಿಗೋ ಏನೋ, ಪಕ್ಕದಲ್ಲಿ ಡಿಕ್ಷನರಿ, ಕಿವಿಯ ಮೇಲೆ ಪೆನ್ಸಿಲ್ಲು ಇಟ್ಟುಕೊಂಡು ವರ್ಷಗಟ್ಟಲೆ ಅದೊಂದನ್ನೇ ಓದಿದ.

ಪಾದ್ರಿ ಪ್ಯೂರಿಟನ್ ಪಂಗಡದವನು. ಅಂದರೆ ಕ್ರೈಸ್ತರಲ್ಲೇ ಕಡು ಮಡಿವಂತರು. ಅವರಲ್ಲಿ ಹಾಡಿದರೆ ಪಾಪ, ಕುಣಿದರೆ ಪಾಪ, ಹೊಟ್ಟೆತುಂಬ ನಕ್ಕರಂತೂ ಕೇಳಲೇಬೇಡಿ. ಅವ್ವನಿಗೆ ‘ಪ್ಯೂರಿಟನ್’ ಎಂಬುದು ‘ಪುರಾಣ’ ಎಂದು ಕೇಳಿಸಿತು. ಪುರಾಣ ಅಂದಮೇಲೆ ಪೂಜೆ ಬೇಡವೇ? ದಸರೆಯಲ್ಲಿ ಪ್ರತಿ ಖಂಡೇನವಮಿಗೂ ಹುಲಿಗಿಯ ಗುಡಿಯಿಂದ ತಂದ ಅರಿಶಿನದ ಭಂಡಾರ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆಯುತ್ತಿದ್ದಳು. ಮೂರ್ತಿಗೆ ಕೈಮುಗಿದವರನ್ನೆಲ್ಲ ಸಾಲಾಗಿ ನರಕಕ್ಕೆ ಕಳಿಸಿದ್ದ ಮಹಾನುಭಾವ ಹುಲಿಗೆಮ್ಮನ ಭಂಡಾರ ಬಳಿಸಿಕೊಂಡು ಗಪ್‌ಚಿಪ್ ಕೂತಿರುತ್ತಿದ್ದ.

ಪುಸ್ತಕದ ಮೇಲೆ ಅಷ್ಟು ಭಕ್ತಿ ಇದ್ದ ಅವ್ವನಿಗೆ ಅದನ್ನು ಓದುವವನ ಮೇಲೆ ಮಾತ್ರ ಸಿಟ್ಟಿತ್ತು. ತಾವರಗೇರಾದಲ್ಲಿ ಅವಳ ಒಬ್ಬನೇ ತಮ್ಮನ ಮದುವೆ. ಕರೆಯಲು ಬಂದ ತವರಿನವರು, ಅಪ್ಪ ಶಾಲೆಯಲ್ಲಿದ್ದಾನೆಂದು ಲಗ್ನಪತ್ರಿಕೆಯನ್ನು ಅವ್ವನ ಕೈಗೆ ಕೊಟ್ಟು, ಕುಂಕುಮ ಹಚ್ಚಿ, ಬಸ್ಸು ಹತ್ತಿದರು. ಅಳಿಯನ ಕೈಗೇ ಕೊಡಬೇಕಾದ ಪತ್ರಿಕೆ! ಅಪ್ಪ ಕೆಂಡವಾದ. “ನನ್ನ ಕರದಿಲ್ಲ ಅಂದ್ರ ನಿನ್ನೂ ಕರದಿಲ್ಲ. ಹೋದ್ರ ತಿರುಗಿ ಈ ಹೊಸ್ತಿಲಾ ತುಳಿಬ್ಯಾಡ” ಅಂದ. ಅವ್ವ ಹೋಗಲಿಲ್ಲ. ಅಕ್ಷತೆ ಬೀಳುವ ಹೊತ್ತಿಗೆ ಇಲ್ಲಿ ರೊಟ್ಟಿ ಬಡಿಯುತ್ತ ಅಳುತ್ತಿದ್ದಳು.

ಆಮೇಲೆ ಅಪ್ಪ ಪುಸ್ತಕ ತೆರೆದಾಗಲೆಲ್ಲ ಅವಳದು ಒಂದೇ ಮಾತು: “ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ! ತಪ್ಪಾತು ಅಂತ ಒಂದ ಮಾತು ಬಾಯಾಗ ಬರವಲ್ದು.” ನಲವತ್ತು ವರ್ಷ ಕಾದಳು. ಆ ಮಾತು ಆಡದೆಯೇ ಅಪ್ಪ ಹೋದ ವರ್ಷ ತೀರಿಕೊಂಡ.

ಅವನು ಹೋದಮೇಲೆ ನನ್ನೊಳಗಿನ ವಿದ್ವಾಂಸ ಎಚ್ಚರಗೊಂಡ. ಹೈದರಾಬಾದಿನಲ್ಲಿ ಹಳೆಯ ಪುಸ್ತಕ ಮಾರುವವನೊಬ್ಬನಿಗೆ ಫೋಟೋ ಕಳಿಸಿದೆ. ಭಾಳ ಅಪರೂಪದ ಮುದ್ರಣವಂತೆ. ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು, ಕೆಳಗೆ ಚೀಟಿಯಲ್ಲಿ ಕೊಟ್ಟವರೆಂದು ನನ್ನ ಹೆಸರು ಹಾಕುತ್ತಾನಂತೆ. “ಆದ್ರ ಅಂಚಿನ್ಯಾಗ ಯಾರೋ ಗೀಚ್ಯಾರಲ್ರಿ ಸರ್, ಸಾಫ್ ಮಾಡಿ ಕಳಸ್ರಿ” ಅಂದ. ಯಾರೋ! ನಾನಾದರೂ ಏನಂದೆ? “ಹೌದ್ರಿ, ಯಾರೋ ಗೀಚ್ಯಾರ” ಅಂದೆ. ಗಾಜಿನ ಪೆಟ್ಟಿಗೆಯ ಕನಸು ಬಿದ್ದವನಿಗೆ ಅಪ್ಪನ ಗುರುತು ಹೇಗೆ ಸಿಗಬೇಕು?

ರಬ್ಬರು ತಂದು ಕೂತೆ. ಮೊದಲ ಪುಟಗಳಲ್ಲಿ ಬರೀ ಶಬ್ದಾರ್ಥ. ಮುಂದೆ ಹೋದಂತೆ ಮಜಾ ಶುರುವಾಯಿತು. ನೆರೆಯವರ ತೋಟದ ಹಣ್ಣು ಕದ್ದೆನೆಂದು ಪಾದ್ರಿ ಮೂರು ಪುಟ ಅತ್ತಿದ್ದರೆ, ಅಂಚಿನಲ್ಲಿ ಅಪ್ಪ: ‘ನಾನೂ. ದಾಳಿಂಬರಿ.’ ಪ್ರಾರ್ಥನೆಯಲ್ಲಿ ತೂಕಡಿಸಿದೆನೆಂದು ಅವನು ಎದೆ ಬಡಿದುಕೊಂಡರೆ: ‘ನಾನೂ. ಝಂಡಾ ಏರಿಸುವಾಗ.’ ಪಾದ್ರಿಗೆ ಪುಟಗಟ್ಟಲೆ ಬೇಕಾಗಿದ್ದ ಪಶ್ಚಾತ್ತಾಪ ನಮ್ಮ ಜವಾನನಿಗೆ ಎರಡು ಮೂರೇ ಪದದಲ್ಲಿ ಮುಗಿಯುತ್ತಿತ್ತು. ನಕ್ಕೆ, ಉಜ್ಜಿದೆ. ಇನ್ನೊಂದು ಕಡೆ, ಸೊಕ್ಕಿನಿಂದ ಹೆಂಡತಿಯನ್ನು ಅವಳ ತಂಗಿಯ ಮದುವೆಗೆ ಕಳಿಸಲಿಲ್ಲವೆಂದು ಪಾದ್ರಿ ಗೋಳಾಡಿದ್ದ. ಪಕ್ಕದಲ್ಲಿ, ಪೆನ್ಸಿಲ್ಲನ್ನು ಒತ್ತಿ ಹಿಡಿದು: ‘ನಾನೂ. ತಾವರಗೇರಾ. ತಪ್ಪಾತು.’

“ಎಲಾ ಮುದುಕಾ!” ಎಂದು ನಕ್ಕು ಅದನ್ನೂ ಉಜ್ಜಿಬಿಟ್ಟೆ. ನನ್ನ ಕೈ ಸೇದಿ ಹೋಗಬಾರದಿತ್ತೇ ಎಂದು ಈಗ ಅನಿಸುತ್ತದೆ. ಆವತ್ತು ಅನಿಸಿದ್ದು ರಬ್ಬರು ಛಲೋ ಇದೆ ಎಂದಷ್ಟೇ.

ಮರುದಿನ ಪಾರ್ಸೆಲ್ ಕಟ್ಟಲು ಕೂತಾಗ ಅವ್ವ ಬಂದು ಪಕ್ಕದಲ್ಲಿ ಕೂತಳು.

“ಎಲ್ಲಾ ಓದಿದೇನಪಾ?”

“ಓದೀನವ್ವಾ.”

“ನಿಮ್ಮಪ್ಪ ನಂದೇನರ ಬರದಾನೇನು?”

ಇಲ್ಲ ಅಂದುಬಿಡಬಹುದಿತ್ತು. ಬಾಯಿ ಬರಲಿಲ್ಲ. “ಬರದಿದ್ದ. ತಾವರಗೇರಾ, ತಪ್ಪಾತು ಅಂತ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿದವು. “ಹೌದಾ? ಖರೇ ಅಂದಾನಾ? ಎಲ್ಲಿ, ತೋರಸು. ನನಗ ಓದಾಕ ಬರದಿದ್ರೇನಾತು, ಕೈಯಾಡಿಸಿ ನೋಡ್ತೀನಿ.”

ಪುಟ ತೆರೆದುಕೊಟ್ಟೆ. ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. ಕಣ್ಣಿಗೆ ಹತ್ತಿರ ಹಿಡಿದಳು. ಆಮೇಲೆ ನನ್ನ ಮುಖ ನೋಡಿದಳು.

“ನಾನ ಅಳಿಸೀನವ್ವಾ” ಅಂದೆ.

ಅವ್ವ ಪುಸ್ತಕ ಮುಚ್ಚಿ ನನ್ನ ಕಡೆ ಸರಿಸಿದಳು.

“ಜಲ್ಮದಾಗ ಒಂದ ಸಲ ತಪ್ಪಾತು ಅಂದಿದ್ದ ನಿಮ್ಮಪ್ಪ. ಅದನ್ನೂ ನನಗ ಮುಟ್ಟಗೊಡಲಿಲ್ಲಲ್ಲೋ ನೀ.”