ಪಿಕಪ್ಪಿನ ತೊಟ್ಟಿಗೊಂದು ಹಾಸು

ನಮ್ಮ ಮನೆಯ ರೇಡಿಯೋಕ್ಕೆ ಕಸೂತಿಯ ಹೊದಿಕೆಯೊಂದಿದೆ. ಆ ಹೊದಿಕೆ ಹೊಲಸಾಗಬಾರದೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ವಾರ್ತೆ ಕೇಳಬೇಕಾದರೆ ಎರಡನ್ನೂ ತೆಗೆದು, ಜಾಡಿಸಿ, ಮಡಚಿ ಇಡಬೇಕು. ಅಷ್ಟರಲ್ಲಿ ವಾರ್ತೆ ಮುಗಿದು ಜೋಳಕ್ಕೆ ಬರುವ ರೋಗಗಳ ಭಾಷಣ ಶುರುವಾಗಿರುತ್ತದೆ. ಹೀಗಾಗಿ ದೇಶದಲ್ಲಿ ಏನು ನಡೆದಿದೆಯೋ ನನಗೆ ಗೊತ್ತಿಲ್ಲ, ಜೋಳದ ರೋಗಗಳನ್ನು ಮಾತ್ರ ಬಾಯಿಪಾಠ ಹೇಳಬಲ್ಲೆ. ನಮ್ಮ ಮನೆಯಲ್ಲಿ ಕೊಡೆಗೆ ಚೀಲವಿದೆ, ಟ್ರಂಕಿಗೆ ಅಂಗಿಯಿದೆ. ಹೊಸ ಸೈಕಲ್ಲಿಗೆ ಅಂಗಡಿಯವರು ಸುತ್ತಿಕೊಟ್ಟ ಕಾಗದ ಸೈಕಲ್ಲು ಹಳೆಯದಾಗುವವರೆಗೂ ಹಾಗೇ ಇತ್ತು. ವಸ್ತುಗಳನ್ನು ಬಳಸುವುದಕ್ಕಿಂತ ಕಾಯುವುದರಲ್ಲೇ ಹೆಚ್ಚು ಸುಖಪಡುವ ಜಾತಿ ನನ್ನದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳದಿದ್ದರೆ ಒಂದು ಪಿಕಪ್ ಗಾಡಿಯ ತೊಟ್ಟಿಗೆ ಏನು ಹಾಸಬೇಕೆಂದು ನಾನು ಇಡೀ ಒಂದು ತಿಂಗಳು ತಲೆ ಕೆಡಿಸಿಕೊಂಡದ್ದು ನಿಮಗೆ ಅರ್ಥವಾಗಲಿಕ್ಕಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಸಂಸ್ಕೃತ ಮಾಸ್ತರ. ಅಕ್ಕಿಆಲೂರಿನ ಬಸವಣ್ಣೆಪ್ಪ ನನ್ನ ಬಾಲ್ಯದ ಗೆಳೆಯ, ಒಕ್ಕಲುತನದವನು. ಅಕ್ಕಿಆಲೂರಿನ ಗಿರಣಿಗಳಿಂದ ಯಲವಿಗಿ ಸ್ಟೇಶನ್ನಿಗೆ ಅಕ್ಕಿ ಸಾಗಿಸಿದರೆ ಕೈತುಂಬ ಕೆಲಸವಿದೆ ಎಂದು ಅವನಿಗೆ ಹೊಳೆಯಿತು. ಅವನಿಗೆ ಹೊಳೆದದ್ದು ನನಗೆ ನಿಜವೆನಿಸುವುದು ಮೂರನೆಯ ಇಯತ್ತೆಯಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಿನಿಂದ ಬಂದ ರೂಢಿ. ಇಬ್ಬರೂ ಕೂಡಿ ಹುಬ್ಬಳ್ಳಿಯ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಪಿಕಪ್ ಹಿಡಿದೆವು. ನನ್ನ ಪಾಲಿಗೆ ಪೋಸ್ಟಾಫೀಸಿನ ಉಳಿತಾಯ ಹೋಯಿತು. ಅವನ ಪಾಲಿಗೆ ಅವನ ಎತ್ತಿನ ಜೋಡಿ ಹೋಯಿತು. ನನಗಾದರೆ ತಿಂಗಳ ಪಗಾರವಿತ್ತು. ಗಿರಣಿಯ ಕೆಲಸ ಸಿಗದೆ ಹೋದರೆ ಅವನಿಗೆ ಮುಂಗಾರಿನ ಹೊತ್ತಿಗೆ ಹೊಲದಲ್ಲಿ ಎತ್ತೂ ಇಲ್ಲ, ಹಿತ್ತಿಲಲ್ಲಿ ನಿಂತ ಗಾಡಿಯಿಂದ ಉಪಯೋಗವೂ ಇಲ್ಲ. ಅವನು ಈ ಮಾತನ್ನು ಒಮ್ಮೆಯೂ ಆಡಲಿಲ್ಲ. ಆಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಗಿರಣಿಯ ಸಾಹುಕಾರ ಶಿವರುದ್ರಪ್ಪನವರು ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಎಂಜಿನ್ ನೋಡಲಿಲ್ಲ, ಗಾಲಿ ನೋಡಲಿಲ್ಲ. ಹಿಂದಿನ ತೊಟ್ಟಿಯಲ್ಲಿ ಬೆರಳಾಡಿಸಿ, ಆ ಬೆರಳನ್ನು ನಮ್ಮ ಮುಖದ ಮುಂದೆ ಹಿಡಿದರು. ಬೆರಳ ತುದಿ ಕೆಂಪಗೆ ತುಕ್ಕು ಬಳಿದುಕೊಂಡಿತ್ತು.

"ನಮ್ಮ ಅಕ್ಕಿ ಮಲ್ಲಿಗಿ ಹೂವಿನಂಗ ಇರತೈತ್ರಿ. ಇದರಾಗ ಹಾಕಿದ್ರ ಯಲವಿಗಿ ಮುಟ್ಟೂದ್ರಾಗ ಕುಂಕುಮ ಆಕ್ಕೈತಿ. ತೊಟ್ಯಾಗ ಏನರ ಛಲೋ ಹಾಸು ಮಾಡಿಕೊಂಡು ಬರ್ರಿ, ಆಮ್ಯಾಲ ನೋಡೂಣು" ಎಂದರು.

ಏನು ಹಾಸಬೇಕೆಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ದೊಡ್ಡವರು ಅರ್ಧ ಹೇಳಿದ್ದನ್ನು ಪೂರ್ತಿ ತಿಳಿದವರ ಹಾಗೆ ತಲೆಯಾಡಿಸುವುದು ನಮ್ಮ ಕಡೆಯ ಸಂಪ್ರದಾಯ.

ಮೊದಲು ಬತ್ತದ ಹುಲ್ಲು ಹಾಸಿದೆವು. ಅಕ್ಕಿಆಲೂರಿನಲ್ಲಿ ಹುಲ್ಲಿಗೇನು ಬರ. ಮೊಣಕಾಲುದ್ದ ಹುಲ್ಲು ಹರವಿ, ಗಾಡಿಯನ್ನು ಸಂತೆಯ ಬದಿಗೆ ನಿಲ್ಲಿಸಿ ಚಹಾ ಕುಡಿಯಲು ಹೋದೆವು. ತಿರುಗಿ ಬಂದಾಗ ಯಾರದೋ ಚಕ್ಕಡಿಯ ಎರಡು ಎತ್ತುಗಳು ತೊಟ್ಟಿಯೊಳಗೆ ಮೋರೆ ಹಾಕಿ ನಮ್ಮ ಹಾಸನ್ನು ಅರ್ಧಕ್ಕರ್ಧ ತಿಂದು ಮುಗಿಸಿದ್ದವು. ನಾನು ಹುಸ್ಸ ಎಂದು ಕೊಡೆ ಎತ್ತಿದೆ. ಬಸವಣ್ಣೆಪ್ಪ ನನ್ನ ಕೈ ಹಿಡಿದ.

"ತಿನ್ಲಿ ಬಿಡ್ರಿ ಮಾಸ್ತರ. ನಮ್ಮುವ ಅವು."

ಅವನು ಮಾರಿದ ಜೋಡಿಯೇ ಅದು. ಅವನು ಅವುಗಳ ಗಂಗೆದೊಗಲು ತುರಿಸುತ್ತ ನಿಂತ. ಉಳಿದ ಹುಲ್ಲನ್ನೂ ತಾನೇ ಎಳೆದೆಳೆದು ಅವುಗಳ ಮುಂದೆ ಹಾಕಿದ. ನಾನು ಕೊಡೆ ಕೆಳಗಿಳಿಸಿದೆ. ಅವತ್ತೇ ನಿಶ್ಚಯ ಮಾಡಿದೆ, ಎಂಥ ಹಾಸಾದರೂ ಸರಿ, ಎತ್ತು ತಿನ್ನದಂಥದ್ದಾಗಬೇಕು ಮತ್ತು ಅದನ್ನು ನಾನೇ ಹುಡುಕಬೇಕು.

ನಾನು ಹುಡುಕಲು ಹೊರಟದ್ದೇ ತಪ್ಪಾಯಿತು. ಓದಿದವನು ಒಂದು ವಿಷಯ ವಿಚಾರಿಸುತ್ತಿದ್ದಾನೆಂದು ಗೊತ್ತಾದರೆ ಊರಿನಲ್ಲಿ ಉಪದೇಶಕ್ಕೆ ಕೊರತೆಯಿರುವುದಿಲ್ಲ. ಹಿರೇಕೆರೂರಿನ ಬಡಿಗ ಸಾಗವಾನಿ ಹಲಗೆ ಬಡಿಯೋಣ ಎಂದ. ಅಳತೆ ತೆಗೆದುಕೊಂಡು ಚಿತ್ರ ಬರೆದು ತೋರಿಸಿದ. ಅವನ ಚಿತ್ರದಲ್ಲಿ ನಾಲ್ಕು ಕಂಬ, ಮೇಲೊಂದು ಕಮಾನು ಇದ್ದವು, ಅಕ್ಕಿ ಇಡಲು ಜಾಗ ಮಾತ್ರ ಇರಲಿಲ್ಲ. ಸವಣೂರಿನ ಟಾಯರಿನ ಅಂಗಡಿಯವನು ರಬ್ಬರಿನ ಪಟ್ಟಿ ತೋರಿಸಿದ. ನಾನು ಮೂಸಿ ನೋಡಿದೆ. ಅನ್ನ ಉಣ್ಣುವಾಗ ಪಂಕ್ಚರ್ ತಿದ್ದುವ ವಾಸನೆ ಬರುವುದು ಯಾರಿಗೂ ಸೇರಲಿಕ್ಕಿಲ್ಲವೆನಿಸಿತು.

ಆಮೇಲೆ ಡಾಂಬರು. ಶಿಗ್ಗಾಂವಿಯ ಹತ್ತಿರ ರಸ್ತೆಯ ಕೆಲಸ ನಡೆದಿತ್ತು. ಡಾಂಬರು ಬಳಿದ ಕಬ್ಬಿಣಕ್ಕೆ ತುಕ್ಕು ಹತ್ತುವುದಿಲ್ಲವೆಂದು ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಪ್ರಮಾಣ ಮಾಡಿ ಹೇಳಿದ್ದರು. ರಸ್ತೆಯ ಗುತ್ತಿಗೆದಾರನ ಕೈಕಾಲು ಹಿಡಿದು ಎರಡು ಡಬ್ಬಿ ತಂದು ಬಳಿದೆವು. ಒಣಗಿ ಕನ್ನಡಿಯಂತಾಯಿತು. ಪರೀಕ್ಷೆ ಮಾಡಬೇಕಲ್ಲ, ಮೇ ತಿಂಗಳ ಮಧ್ಯಾಹ್ನ ನಾನೇ ಧೋತರ ಸರಿಪಡಿಸಿಕೊಂಡು ಅದರ ಮೇಲೆ ಕೂತೆ. ಒಂದು ಎಲೆ-ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕೂತು ಏಳಲು ಹೋದರೆ ನಾನು ಎದ್ದೆ, ಧೋತರ ಏಳಲಿಲ್ಲ. ಬಸವಣ್ಣೆಪ್ಪ ತನ್ನ ರುಮಾಲು ಬಿಚ್ಚಿ ನನಗೆ ಸುತ್ತಿಕೊಳ್ಳಲು ಕೊಟ್ಟ. ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವನೂ ನಕ್ಕ, ಆದರೆ ರುಮಾಲು ಕೊಟ್ಟಮೇಲೆ ನಕ್ಕ. ಡಾಂಬರು ಕೆರೆದು ತೆಗೆಯಲು ನಾಲ್ಕು ದಿನ ಹಿಡಿಯಿತು, ಅದರ ಜೊತೆಗೆ ಇದ್ದ ಅಷ್ಟಿಷ್ಟು ಬಣ್ಣವೂ ಹೋಯಿತು.

ಕಡೆಗೆ ದಾರಿ ತೋರಿಸಿದವರು ನಮ್ಮ ಸೋದರತ್ತೆ. ನಮ್ಮ ಮನೆಯಲ್ಲಿ ಮಡಿ-ಮೈಲಿಗೆಯ ವಿಷಯಕ್ಕೆ ಅವರೇ ಹೈಕೋರ್ಟು. ಯಾವ ಬಟ್ಟೆ ಮುಟ್ಟಿದರೆ ಮೈಲಿಗೆ, ಯಾವುದು ಮುಟ್ಟಿದರೂ ಮಡಿ ಎಂಬುದು ನಮ್ಮ ಹಿರಿಯರು ತಲೆತಲಾಂತರದಿಂದ ವಿಚಾರ ಮಾಡಿದ ವಿಷಯ. ಹತ್ತಿ ಎಲ್ಲದಕ್ಕೂ ಬೇಗ ಸೋಲುತ್ತದೆ. ರೇಷ್ಮೆ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಯಾವುದಕ್ಕೂ ಜಗ್ಗದಿರುವುದು ಉಣ್ಣೆಯೊಂದೇ. ಇಷ್ಟೆಲ್ಲ ಸೂಕ್ಷ್ಮವಾಗಿ ವಿಚಾರ ಮಾಡಿದವರು ಪಿಕಪ್ಪಿನ ಬಗ್ಗೆ ಒಂದೇ ಒಂದು ಮಾತು ಹೇಳಿ ಹೋಗಲಿಲ್ಲವಲ್ಲ ಎಂದು ನಾನು ಊಟಕ್ಕೆ ಕೂತಾಗ ಗೊಣಗಿದೆ.

"ಅದಕ್ಯಾಕ ಇಷ್ಟು ಒದ್ದಾಡ್ತೀ? ಕಂಬಳಿ ಹಾಸು. ಕಂಬಳಿಗೆ ಮೈಲಿಗಿನೇ ಹತ್ತೂದಿಲ್ಲ ಅಂದಮ್ಯಾಲ ತುಕ್ಕು ಏನು ಹತ್ತತದ?" ಎಂದು ಅತ್ತೆ ಸಾರು ಬಡಿಸಿದರು.

ಈ ತರ್ಕದಲ್ಲಿ ಎಲ್ಲಿಯೋ ಒಂದು ತೂತಿದೆ ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ, ಸಾರು ಬಹಳ ಚೆನ್ನಾಗಿತ್ತು.

ಹಂಸಭಾವಿಗೆ ಹೋದೆವು. ಕಂಬಳಿ ನೇಯುವ ಮುದುಕ ಹತ್ತು ಕಂಬಳಿ ಬಿಚ್ಚಿ ಹಾಕಿದ. ನಾನು ಒಂದೊಂದನ್ನೂ ಬಿಸಿಲಿಗೆ ಹಿಡಿದು, ನೂಲೆಳೆದು, ಕೆನ್ನೆಗೆ ಒತ್ತಿ ನೋಡಿದೆ. ಕಡೆಗೊಂದು ಕರಿಯ ಕಂಬಳಿ ಮನಸ್ಸಿಗೆ ಬಂತು, ಅಂಚಿಗೆ ಬೆರಳಗಲ ಬಿಳಿ ಪಟ್ಟೆ.

"ಯಾರಿಗ್ರಿ? ಅಳ್ಯಾಗೇನು?" ಎಂದ ಮುದುಕ.

"ಗಾಡಿಗೆ" ಎಂದೆ.

ಅವನು ಹೊರಗೆ ನಿಂತಿದ್ದ ಪಿಕಪ್ಪನ್ನು ಬಹಳ ಹೊತ್ತು ನೋಡಿ, "ಥಂಡಿ ಭಾಳ ಹತ್ತತೈತೇನ್ರಿ ಅದಕ್ಕ?" ಎಂದು ಕನಿಕರದಿಂದ ಕೇಳಿದ.

ಮುಂದಿನ ಮಂಗಳವಾರ, ಅಕ್ಕಿಆಲೂರಿನ ಸಂತೆಯ ದಿವಸ, ಗಾಡಿಯನ್ನು ಗಿರಣಿಯ ಮುಂದಿನ ಬೇವಿನ ಮರದ ನೆರಳಿಗೆ ನಿಲ್ಲಿಸಿ, ಹಿಂದಿನ ಬಾಗಿಲು ಇಳಿಸಿ, ಕಂಬಳಿಯನ್ನು ಒಂದು ಸುಕ್ಕೂ ಇಲ್ಲದಂತೆ ಹಾಸಿ, ಸಾಹುಕಾರರನ್ನು ಕರೆಯಲು ಒಳಗೆ ಹೋದೆವು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಂಬಳಿ ಹಾಸಿದರೆ ಕೂಡ್ರಿ ಎಂದು ಕರೆದ ಹಾಗೆ. ಬೀಗರು ಬಂದರೆ, ನ್ಯಾಯ ಬಗೆಹರಿಸಲು ಹಿರಿಯರು ಬಂದರೆ ಮೊದಲು ಬೀಳುವುದು ಕಂಬಳಿ. ಹಾಸಿದ ಕಂಬಳಿಯ ಮೇಲೆ ಕೂತವರನ್ನು ಏಳಿರಿ ಎನ್ನುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ನಮಗಿಬ್ಬರಿಗೂ ಗೊತ್ತಿತ್ತು. "ಗಾಡ್ಯಾಗ ಹಾಸಿದ್ದು ಹಾಸಿಧಂಗಲ್ಲ ಅಂತ ತಿಳಿದಿದ್ದೆ" ಎಂದು ಬಸವಣ್ಣೆಪ್ಪ ಆಮೇಲೆ ಹೇಳಿದ. ನಾನೂ ಹಾಗೇ ತಿಳಿದಿದ್ದೆ.

ಸಾಹುಕಾರರೊಡನೆ ಹೊರಗೆ ಬಂದರೆ ತೊಟ್ಟಿಯಲ್ಲಿ ಏಳು ಜನ ಹಿರಿಯರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕೆಳಗೆ ಚಪ್ಪಲಿಗಳು ಸಾಲಾಗಿದ್ದವು. ಕಾಲು ನೋವಿನ ಒಬ್ಬ ಅಜ್ಜ, ಯಾರೋ ಪುಣ್ಯಾತ್ಮರು ಹಾಸಿದ್ದಾರೆಂದು ಮೊದಲು ಹತ್ತಿ ಕೂತನಂತೆ. ಒಬ್ಬ ಹಿರಿಯ ಕಂಬಳಿಯ ಮೇಲೆ ಕೂತದ್ದು ಕಂಡು, ಏನೋ ನ್ಯಾಯ ನಡೆದಿದೆ ಎಂದು ಉಳಿದವರೂ ಹತ್ತಿದರಂತೆ. ಆಗಲೇ ಯಾರೋ ತಂಬಿಗೆಯಲ್ಲಿ ನೀರು ತಂದಿಟ್ಟಿದ್ದರು, ಸವಣೂರಿನ ಎಲೆಯ ಕಟ್ಟೊಂದು ಬಿಚ್ಚಿತ್ತು.

"ನ್ಯಾಯ ಯಾರದೈತಿ?" ಎಂದು ಒಬ್ಬರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆದರೆ ಕೂತಾಗಿತ್ತು. ನ್ಯಾಯವಿಲ್ಲದೆ ಎದ್ದುಹೋಗುವುದು ಹಿರಿತನಕ್ಕೆ ಒಪ್ಪುವುದಿಲ್ಲ. ಸಂತೆಯಲ್ಲೇ ಹುಡುಕಿ, ಹೊಲದ ಬದುವಿನ ಸಲುವಾಗಿ ಮೂರು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರನ್ನು ಹಿಡಿದು ತಂದರು. ಒಬ್ಬನ ಕೈಯಲ್ಲಿ ಬದನೆಕಾಯಿಯ ಚೀಲ ಹಾಗೇ ಇತ್ತು. ಸಾಹುಕಾರರಿಗೂ ನಿಂತೇ ಇರುವುದು ಸರಿಬರಲಿಲ್ಲ, ಚಪ್ಪಲಿ ಬಿಟ್ಟು ಹತ್ತಿ ಕೂತರು. ನಮ್ಮನ್ನೂ ಕೈ ಹಿಡಿದು ಎಳೆದು ಕೂಡಿಸಿದರು. ಗಾಡಿಯ ಸ್ಪ್ರಿಂಗು ಒಮ್ಮೆ ನರಳಿತು.

ಎರಡು ತಾಸು ನಡೆಯಿತು. ಬದು ಎಲ್ಲಿತ್ತೋ ಅಲ್ಲೇ ಇರಲಿ ಎಂದು ತೀರ್ಮಾನವಾಗಿ, ಅಣ್ಣತಮ್ಮಂದಿರು ಬದನೆಕಾಯಿ ಹಂಚಿಕೊಂಡು ಹೋದರು. ಅಷ್ಟರಲ್ಲಿ ನಾನು ಸಾಹುಕಾರರ ಮೊಮ್ಮಗಳ ಜಾತಕ ನೋಡಿದ್ದೆ. ಬಸವಣ್ಣೆಪ್ಪ ಅವರ ಗದ್ದೆಯ ಕೊಳೆರೋಗಕ್ಕೆ ಉಪಾಯ ಹೇಳಿದ್ದ. ಕಾಲು ನೋವಿನ ಅಜ್ಜ ಏಳುವ ಮೊದಲು, "ಕಂಬಳಿ ಹಾಸಿದವರು ಯಾರು? ಏನರ ಕೇಳೂದಿದ್ರ ಕೇಳ್ರೆಪಾ" ಎಂದ.

ನಾನು ಎರಡು ದಿನದಿಂದ ಒಂದು ಒಳ್ಳೆಯ ಭಾಷಣ ಸಿದ್ಧ ಮಾಡಿಟ್ಟುಕೊಂಡಿದ್ದೆ. ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಬಸವಣ್ಣೆಪ್ಪ ತಲೆ ತಗ್ಗಿಸಿಕೊಂಡೇ ಮಾತಾಡಿಬಿಟ್ಟ.

"ನಂದು ಭಾಳೇನಿಲ್ರಿ. ಎತ್ತು ಮಾರೇನಿ. ಸಾಹುಕಾರ್ರು ಅಕ್ಕಿ ಕೊಟ್ರ ಯಲವಿಗಿಗೆ ಮುಟ್ಟಸ್ತೇನಿ. ಕೊಡಲಿಲ್ಲ ಅಂದ್ರ ಮಳಿಗಾಲಕ್ಕ ಏನು ಮಾಡಬೇಕಂತ ತಿಳೀವಲ್ದು."

ಸಾಹುಕಾರರು ಅವನ ಮುಖ ನೋಡಿದರು, ನನ್ನ ಮುಖ ನೋಡಿದರು.

"ನಾಳಿಂದ ಯಾಕ, ಇವತ್ತ ಹೇರ್ರಿ" ಎಂದರು. ಕೆಳಗಿಳಿದು ಚಪ್ಪಲಿ ಮೆಟ್ಟುತ್ತ, "ಮದಲ ಆ ಕಂಬಳಿ ಸುತ್ತಿ ಇಡ್ರಿ. ಇಂಥಾ ಕಂಬಳಿ ಮ್ಯಾಲ ಯಾರರ ಚೀಲಾ ಒಗೀತಾರೇನು? ಗಿರಣ್ಯಾಗ ಹರಕು ಚೀಲಾ ರಾಶಿ ಬಿದ್ದಾವ, ನಾಕು ಹಾಸ್ಕೊರ್ರಿ, ಸಾಕು" ಎಂದರು.

ನನಗೆ ಸಿಟ್ಟು ಬಂತು. ನನ್ನ ಧೋತರ ನೆನಪಾಯಿತು. "ಸಾಹುಕಾರ್ರ, ಈ ಮಾತು ಒಂದು ತಿಂಗಳ ಹಿಂದನ ಹೇಳಬಹುದಿತ್ತಲ್ರಿ" ಎಂದೆ.

ಅವರು ಅಡಿಕೆಯ ಹೋಳು ಬಾಯಿಗೆ ಹಾಕಿಕೊಂಡು ಶಾಂತವಾಗಿ ಹೇಳಿದರು. "ಒಂದು ತಿಂಗಳ ಹಿಂದ ನಾನು ನಿಮ್ಮ ಜೋಡಿ ಎಲ್ಲಿ ಕುಂತಿದ್ದೆ ಮಾಸ್ತರ?"

ನಾನು ಬಾಗಿ ಕಂಬಳಿ ಸುತ್ತತೊಡಗಿದೆ.

ಗಾಡಿ ಹೇರಿದಾಗ ಮಧ್ಯಾಹ್ನ ತಿರುಗಿತ್ತು. ಸ್ಟೇಶನ್ನಿನಲ್ಲಿ ಲೆಕ್ಕ ಒಪ್ಪಿಸಲು ಗಿರಣಿಯ ಗುಮಾಸ್ತನೊಬ್ಬ ಬಂದು ಮುಂದೆ ಕೂತ. ಅವನ ಪಕ್ಕದಲ್ಲಿ ಬಸವಣ್ಣೆಪ್ಪ ಕಂಬಳಿಯ ಸುರುಳಿಯನ್ನು ಜೋಪಾನವಾಗಿ ಇಟ್ಟು, ತಾನು ಸ್ಟಿಯರಿಂಗ್ ಹಿಡಿದು ಕೂತ. ನಾನು ಬಾಗಿಲಲ್ಲಿ ನಿಂತು ಅವನ ಮುಖ ನೋಡಿದೆ. ಒಂದು ತಿಂಗಳಿನಿಂದ ಕಾಣದ ನಗೆ ಅವನ ಮುಖದ ಮೇಲಿತ್ತು, ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

"ಮಾಸ್ತರ, ನೀವು ಹಿಂದ ಹತ್ರಿ. ಕಂಬಳಿ ಹಿಂದ ಇಟ್ರ ತುಕ್ಕು ಹತ್ತತೈತಿ" ಎಂದ.

ಅಕ್ಕಿಯ ಚೀಲಗಳ ಮೇಲೆ ಕೂತು, ಧೂಳು ತಿನ್ನುತ್ತ, ಯಲವಿಗಿಯವರೆಗೆ ಹೋದೆ. ನನಗೂ ತುಕ್ಕು ಹತ್ತಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯದಿದ್ದುದಕ್ಕೆ ದಾರಿಯುದ್ದಕ್ಕೂ ನನಗೆ ಹೆಮ್ಮೆಯೇ ಆಯಿತು. ಅಷ್ಟು ಸಲುಗೆಯಿಂದ ಬಳಸಿಕೊಳ್ಳುವವನು ಒಬ್ಬನಾದರೂ ಇದ್ದಾನೆ ಎಂದರೆ ಮನುಷ್ಯ ಹೊದಿಕೆಯೊಳಗೆ ಕೂತು ಹಾಳಾಗುವುದು ತಪ್ಪುತ್ತದೆ.