ಅಂಚು ತಿನ್ನುವ ಸೆಟ್

ಟಿ.ವಿ. ರಿಪೇರಿ ಚಾಚಾ ಏನನ್ನಾದರೂ ನೋಡಬೇಕಾದರೆ ಕಣ್ಣು ಹೊರಳಿಸುತ್ತಿರಲಿಲ್ಲ. ಟೇಬಲ್ ಫ್ಯಾನಿನಂತೆ ಇಡೀ ತಲೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತಿರುಗಿಸುತ್ತಿದ್ದರು. ವಯಸ್ಸಾದವರ ಗತ್ತು ಅಂದುಕೊಂಡು ನಾವು ನಗುತ್ತಿದ್ದೆವು. ಅದು ಗತ್ತಾಗಿರಲಿಲ್ಲ.

ಮುಳಬಾಗಿಲಿನಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಅವರ ಅಂಗಡಿಗೂ ಒಂದೇ ಗೋಡೆ. ನಾನು ಗಡಿಯಾಚೆಯಿಂದ ಮದುವೆಯಾಗಿ ಬಂದವಳು, ತೆಲುಗು ಶಾಲೆಯಲ್ಲಿ ಓದಿದವಳು. ಚಾಚಾ ಬಳಿ ಹಳೆಯ ಕಂಪ್ಯೂಟರ್ ಒಂದಿತ್ತು. ನೋಡಲು ಬರೀ ಕೀಲಿಮಣೆ, ಟಿ.ವಿ.ಗೆ ಸಿಕ್ಕಿಸಿದರೆ ಇಂಗ್ಲಿಷ್ ಅಕ್ಷರ ಮಾತ್ರ ತೋರಿಸುತ್ತಿತ್ತು. ಎಂಟು ಮನೆ ಅಡ್ಡ, ಎಂಟು ಮನೆ ಉದ್ದದ ಚೌಕದಲ್ಲಿ ಚುಕ್ಕಿ ತುಂಬಿ ತುಂಬಿ ಚಾಚಾ ಅದಕ್ಕೆ ಕನ್ನಡ ಕಲಿಸಿದ್ದರು. ಒತ್ತಕ್ಷರ ಒಂದು ಚೌಕಕ್ಕೆ ಹಿಡಿಸದು, ಅದಕ್ಕೆ ಕೆಳಗೆ ಇನ್ನೊಂದು ಚೌಕ. ಒಂದು ಕಾಲಕ್ಕೆ ನಮ್ಮೂರ ಕೇಬಲ್ ಚಾನೆಲ್‌ನಲ್ಲಿ, ತೆಲುಗು ಸಿನಿಮಾದ ಅಡಿಯಲ್ಲಿ, ಬೈರಕೂರಿನಲ್ಲಿ ಟೊಮೇಟೊ ಸಸಿ ಸಿಗುತ್ತದೆ ಎಂದು ಹರಿಯುತ್ತಿದ್ದದ್ದು ಇವರ ಅಕ್ಷರಗಳೇ. ಪ್ರತಿ ಹೊಸ ಅಕ್ಷರಕ್ಕೂ ನನ್ನನ್ನು ಕೂಗುತ್ತಿದ್ದರು.

"ಓದಮ್ಮಾ. ನಿಂಗೆ ಅರ್ಥ ಆದ್ರೆ ಊರಿಗೆಲ್ಲ ಅರ್ಥ ಆಗ್ತದೆ."

ಹಾಗೆ ಓದಿ ಓದಿ ನಾನು ಕನ್ನಡ ಕಲಿತೆ.

ಕೇಬಲಿನವರು ಅದನ್ನು ಕೈಬಿಟ್ಟ ಮೇಲೂ ಚಾಚಾ ಬಿಡಲಿಲ್ಲ. ಉಳಿದ ಒತ್ತಕ್ಷರಗಳನ್ನೆಲ್ಲ ಮುಗಿಸಿಯೇ ತೀರುವ ಹಟ. ಆಗಲೇ ಟಿ.ವಿ. ಸೆಟ್ಟಿನ ಮೇಲೆ ದೂರು ಶುರುವಾದದ್ದು.

"ಅಂಚಿನ ಅಕ್ಷರ ತಿಂತಾ ಐತೆ ಕಣಮ್ಮಾ. ಪಿಕ್ಚರ್ ಟ್ಯೂಬ್‌ಗೆ ವಯಸ್ಸಾಯ್ತು."

ಟಿ.ವಿ. ಮುಂದೆ ಕನ್ನಡಿ ನಿಲ್ಲಿಸಿ, ತಾವು ಹಿಂದೆ ಕೂತು, ಕನ್ನಡಿಯಲ್ಲಿ ಚಿತ್ರ ನೋಡುತ್ತಾ ಒಳಗಿನ ತಿರುಪು ತಿರುಗಿಸುವುದು ಅವರ ಪದ್ಧತಿ. ಅಂಚು ಕಾಣುವವರೆಗೆ ಚಿತ್ರವನ್ನು ಕುಗ್ಗಿಸಿದರು. ಸ್ವಲ್ಪ ದಿನಕ್ಕೆ ಮತ್ತೆ ತಿಂತು ಅಂದರು, ಮತ್ತೆ ಕುಗ್ಗಿಸಿದರು. ತೆರೆಯ ಸುತ್ತ ಕಪ್ಪು ಬೆಳೆಯುತ್ತಾ ಬಂತು. ಪಕ್ಕದಲ್ಲಿಟ್ಟ ಚಹಾ ಲೋಟಕ್ಕೆ ಕೈ ತಾಗಿಸಿ ಉರುಳಿಸುತ್ತಿದ್ದರು, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದರು. ಆಗಲೂ ಬೈಗುಳ ಸೆಟ್ಟಿಗೇ.

ನನಗೆ ಮಾತ್ರ ಸಾಲು ಪೂರ್ತಿ ಕಾಣುತ್ತಿತ್ತು. ಹೇಳಿದರೆ, "ಟ್ಯೂಬ್ ವಿಚಾರ ನಿಂಗೇನ್ ಗೊತ್ತು, ಬ್ಲೌಸ್ ಹೊಲಿ ಹೋಗು" ಅನ್ನುತ್ತಿದ್ದರು. ನನಗೆ ರೇಗಿಹೋಯಿತು. ಕೊರಳಲ್ಲಿದ್ದ ಟೇಪು ತೆಗೆದು ಗಾಜಿನ ಮೇಲಿಟ್ಟು ಸಾಲನ್ನು ಅಳೆದೆ. ತಿರುಪು ಮುಟ್ಟಕೂಡದು ಎಂದು ಆಣೆ ಹಾಕಿಸಿ, ವಾರ ಬಿಟ್ಟು ಅವರೆದುರೇ ಮತ್ತೆ ಅಳೆದೆ. ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಅವರಿಗೆ ಮಾತ್ರ ಸಾಲಿನ ಎರಡೂ ತುದಿ ಮತ್ತೆ ಕಾಣೆಯಾಗಿದ್ದವು.

"ಹಂಗಾದ್ರೆ ಸೆಟ್ ಚೆನ್ನಾಗೈತೆ ಅಂತೀಯಾ?"

"ಚೆನ್ನಾಗೈತೆ ಚಾಚಾ."

ಸೆಟ್ ಚೆನ್ನಾಗಿದೆ ಅಂದರೆ ಹೆದರಿದ ಮೆಕ್ಯಾನಿಕ್ಕನನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ಎದ್ದು ಟಿ.ವಿ. ಆರಿಸಿದರು.

ಕೋಲಾರದ ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಣ್ಣೊಳಗಿನ ಒತ್ತಡ ನರವನ್ನು ಸುತ್ತಲಿಂದ ತಿನ್ನುತ್ತಾ ಬಂದಿದೆ ಎಂದರು ಡಾಕ್ಟರಮ್ಮ. "ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದಕ್ಕೆ ಡ್ರಾಪ್ಸ್ ಹಾಕ್ಕೊಳ್ಳಿ. ಮುಂಚೆನೇ ಬರ್ಬೇಕಿತ್ತು." ಬಸ್ಸಿನಲ್ಲಿ ಚಾಚಾ ಆಡಿದ್ದು ಒಂದೇ ಮಾತು: "ಸೆಟ್ ಬಿಚ್ಚೋಕ್ ಮುಂಚೆ ಪ್ಲಗ್ ನೋಡ್ರಿ ಅಂತ ಊರಿಗೆಲ್ಲ ಹೇಳ್ತಿದ್ದೆ."

ಡ್ರಾಪ್ಸ್ ಆ ಕತ್ತಲನ್ನು ತಡೆಯಲಿಲ್ಲ. ನೋಟ ಒಂದು ಅಕ್ಷರದಷ್ಟಾಯಿತು, ಆಮೇಲೆ ಒಂದು ಚುಕ್ಕಿಯಷ್ಟು, ಆಮೇಲೆ ಅದೂ ಇಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ನನಗೆ ಈ ಭಾಷೆಯ ಓದು ಬಂದದ್ದೇ ಆ ಕಣ್ಣುಗಳಿಂದ. ಅವು ಆರುವಾಗ ನನ್ನಿಂದಾದದ್ದು ಅಳತೆ ಹಿಡಿಯುವುದಷ್ಟೇ. ಆ ಸಂಕಟ ಇನ್ನೂ ಹೋಗಿಲ್ಲ.

ಅವರು ಹೋಗುವ ಮುಂಚೆ, ನೋಟ ಪೂರ್ತಿ ಆರಿದ ಮೇಲೆ, ಉಳಿದಿದ್ದ ಒತ್ತಕ್ಷರಗಳನ್ನು ನಾವಿಬ್ಬರೂ ಕೂತು ಮುಗಿಸಿದ್ದೆವು. ಚೌಕದ ಚುಕ್ಕಿಗಳನ್ನು ಅವರು ಸಾಲು ಸಾಲಾಗಿ ಬಾಯಲ್ಲಿ ಹೇಳುವರು, "ಬಿಡು, ಬಿಡು, ಇಡು, ಇಡು, ಬಿಡು." ನಾನು ಕೀಲಿ ಒತ್ತುವೆ. ಒಂದು ಚುಕ್ಕಿಯೂ ತಪ್ಪದೆ ಕೊನೆಯ ಅಕ್ಷರ ತೆರೆಯ ಮೇಲೆ ಮೂಡಿತು.

"ಪೂರ್ತಿ ಬಂತಾ? ಅಂಚಿನ ತನಕ?"

"ಬಂತು ಚಾಚಾ."

"ಹ್ಞೂ, ಚೆನ್ನಾಗೈತೆ," ಎಂದು ಚಾಚಾ ಬಹಳ ಹೊತ್ತು ಅದನ್ನು ನೋಡುತ್ತಾ ಕೂತರು. ಅವರ ಮುಖವಿದ್ದದ್ದು ಗೋಡೆಯ ಕಡೆಗೆ.