ಪೊಟರೆಯ ಘಮ

ಗುನ್‌ವೋರಳ ಪೂರ್ವಜ ಸ್ವೆನ್ನಿಂಗ್ ಓಕ್ ಮರಗಳ ಕಡುವೈರಿ. ಆಗ ಹೊಲಕ್ಕೆ ನೆರಳು ಹಾಕುವ ಓಕ್‌ಗಳೆಲ್ಲ ಅರಸನ ಹಡಗಿಗೆ ಮೀಸಲು, ಮುಟ್ಟಿದರೆ ದಂಡ. ಅರಸ ಹಕ್ಕು ಬಿಟ್ಟುಕೊಟ್ಟ ವರ್ಷ ಕೊಡಲಿ ಮಸೆದವನು ಹಿಮ ಬೀಳುವವರೆಗೂ ಕೆಳಗಿಡಲಿಲ್ಲ. ಅವಳ ಅಪ್ಪ ಎಬ್ಬೆ, ಅಳಿದುಳಿದ ಮರಗಳ ಪೊಟರೆಗೆ ಸಿಮೆಂಟು ಗಿಡಿದು, ಮರದ ಹುಳುಕು ಹಲ್ಲು ಮುಚ್ಚಿದೆನೆಂದು ಬೀಗಿದವನು.

ಅಂಥ ಮನೆಯವಳು ಅಂಚೆ ಹಂಚುತ್ತಲೇ ಪೊಟರೆಯ ದುಂಬಿಯ ಬೆನ್ನು ಹತ್ತಿದಳು. ಹಳೆಯ ಓಕಿನ ಟೊಳ್ಳಿನಲ್ಲಿ ಹುಟ್ಟಿ ಅಲ್ಲೇ ಸಾಯುವ, ಹೆಬ್ಬೆರಳ ತುದಿಯಷ್ಟು ದಪ್ಪದ ಕಂದು ದುಂಬಿ. ಅದರ ಮರಿಹುಳು ಕೊಳೆತ ಮರ ಮೆದ್ದು ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯ ಮೇಲೆ ಎಷ್ಟೋ ಪುಟ್ಟ ಜೀವಗಳ ಬದುಕು. "ಇದೊಂದು ಹೋದ್ರೆ ಪೊಟರೆಯೊಳಗಿನ ಊರೇ ಪಾಳು" ಎನ್ನುತ್ತಿದ್ದಳು. ಸೆಕೆಯ ದಿನ ಗಂಡುದುಂಬಿ ಮಾಗಿದ ಪೀಚ್ ಹಣ್ಣಿನಂತೆ ಘಮಗುಡುತ್ತದೆ. ಮೂಗಿನಿಂದಲೇ ಹುಡುಕುತ್ತಿದ್ದಳು.

ಕಳೆದ ಚಳಿಗಾಲದ ಜ್ವರ ಆ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕಸಿದುಕೊಂಡಿತು. ಬೇಸಿಗೆಗೆ ಚರ್ಚಿನ ಓಕಿನ ಕೊಂಬೆಯೊಂದು ಮುರಿದುಬಿದ್ದು, ಮರ ಉರುಳಿಸುವುದೆಂದಾಯಿತು. ಗುನ್‌ವೋರ್ ಅದರ ಪೊಟರೆಯಿಂದ ಹಿಕ್ಕೆ ತಂದು ತೋರಿಸಿದಳು. "ಇದು ಯಾವ ಕಾಲದ್ದೋ. ಜೀವಂತ ದುಂಬಿ ತೋರಿಸು, ಮರ ಉಳಿಸೋಣ" ಎಂದರು ಪಾದ್ರಿ.

ಗರಗಸ ಬಂದ ಮಧ್ಯಾಹ್ನವೂ ಅವಳು ಏಣಿಯ ಮೇಲೆ ನಿಂತು ತಡಕುತ್ತಲೇ ಇದ್ದಳು. ಏಣಿ ಹಿಡಿದವನು ನಾನು, ನೆಗಡಿಯಿಂದ ಮೂಗು ಕಟ್ಟಿದ ನೆರೆಮನೆಯವ.

"ಇಳಿ ಗುನ್‌ವೋರ್, ನಿನ್ನನ್ನೂ ಸೇರಿಸಿ ಕುಯ್ಯೋಕೆ ನಂಗೆ ಕೂಲಿ ಕೊಟ್ಟಿಲ್ಲ" ಎಂದ ಮರ ಕಡಿಯುವ ಹೋಕನ್.

"ಕುಯ್ಯೋ, ನನ್ನೊಳಗೂ ಹುಳ ಸಿಕ್ಕೀತು!"

ಅವನು ನಗುತ್ತಾ ಬುಡಕ್ಕೆ ಬಂದವನು ಗಕ್ಕನೆ ನಿಂತ. "ಮೇಲೆ ಕೂತು ಹಣ್ಣು ತಿಂತಿದ್ದೀಯಾ? ನಂಗೂ ಒಂದು ಎಸಿ."

"ಯಾವ ಹಣ್ಣೋ?" ಅವಳ ದನಿ ಕುಗ್ಗಿತು.

"ಪೀಚು. ಗಮ್ ಅಂತಿದೆ."

"ಎಲ್ಲಿಂದ? ಸರಿಯಾಗಿ ಮೂಸಿ ಹೇಳು!"

ಹೋಕನ್ ಗರಗಸ ಕೆಳಗಿಟ್ಟು, ಬೇಟೆನಾಯಿಯಂತೆ ಮರದ ಸುತ್ತ ಮೂಸಿದ. "ಆ ಗಂಟಿನ ಹಿಂದೆ."

ಗುನ್‌ವೋರ್ ಅಲ್ಲಿ ಕೈ ತೂರಿಸಿದಳು. ಹೊರತೆಗೆದ ಅಂಗೈಯಲ್ಲಿ ದುಂಬಿ ಸತ್ತಂತೆ ನಟಿಸುತ್ತಾ ಬಿದ್ದುಕೊಂಡಿತ್ತು. ಆಮೇಲೆ ಒಂದು ಕಾಲು ಆಡಿಸಿತು. ಪಾದ್ರಿ ಓಡಿಬಂದು ಕಣ್ಣಾರೆ ಕಂಡರು; ಕೊಂಬೆಗಳಿಗೆ ಆಸರೆ ಕೊಟ್ಟರೆ ಸಾಕೆಂದರು. ಗುನ್‌ವೋರ್ ದುಂಬಿಯನ್ನು ಮೆಲ್ಲಗೆ ಪೊಟರೆಗೆ ಬಿಟ್ಟಳು.

ಹೋಕನ್ ತೋಳು ಚಾಚಿದ. "ಬಾ, ಹಿಡ್ಕೊಂಡು ಇಳಿಸ್ತೀನಿ."

"ಕೈ ತೆಗಿಯೋ! ಮೂಗು ಇರ್ಲಿಲ್ಲ, ನಿಂದು ಬಳಸ್ಕೊಂಡೆ. ಕಾಲು ನಂದೇ ಗಟ್ಟಿಯಾಗಿದೆ."